ಬಾಗಿಲವರೆಗೆ ಬಂದವನು

ಮೊದಲ ಸಲ ಆಪ್ತಸಮಾಲೋಚಕರನ್ನು ಕಾಣಲು ಹೋದ ದಿನ, ಹೊರಗಿನ ಕೋಣೆಯಲ್ಲಿ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಒಂಬತ್ತು ಪ್ರಶ್ನೆಗಳಿದ್ದವು. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲವೆನಿಸಿತೇ, ಮನಸ್ಸು ಕುಗ್ಗಿತೇ, ನಿದ್ದೆ ಹೇಗಿದೆ, ಹಸಿವು ಹೇಗಿದೆ, ಬದುಕಿರುವುದಕ್ಕಿಂತ ಸಾಯುವುದೇ ಮೇಲು ಎನಿಸಿದ್ದುಂಟೇ ಎಂದು ಅದು ಕೇಳುತ್ತಿತ್ತು; ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಬೇಕಿತ್ತು. ನಿದ್ದೆಯ ಎದುರು ಎರಡು ಎಂದು ಬರೆದೆ, ದಣಿವಿನ ಎದುರು ಎರಡು, ಗಮನ ನಿಲ್ಲುವುದಿಲ್ಲವೇ ಎಂಬುದರ ಎದುರು ಒಂದು. ಮನಸ್ಸು ಕುಗ್ಗಿದೆಯೇ ಎಂಬ ಸಾಲಿನ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ಅಲ್ಲಿ ಸೊನ್ನೆ ಹಾಕಿದೆ. ಮುಚ್ಚಿಡಬೇಕೆಂದು ಹಾಕಿದ್ದಲ್ಲ. ಆ ದಿನಗಳಲ್ಲಿ ದುಃಖವೆಂಬುದು ನನ್ನ ಅನುಭವಕ್ಕೇ ಬರುತ್ತಿರಲಿಲ್ಲ. ಬರುತ್ತಿದ್ದುದು ಸಿಟ್ಟು ಮಾತ್ರ. ಕೆಲಸ ಮುಗಿಸಿ ಬಂದು, ಮನೆಯ ಬಾಗಿಲಿಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಕತ್ತಲಲ್ಲಿ ಸ್ಟಿಯರಿಂಗ್ ಹಿಡಿದುಕೊಂಡು ಮುಕ್ಕಾಲು ಗಂಟೆ ಸುಮ್ಮನೆ ಕೂರುತ್ತಿದ್ದೆ. ಒಳಗೆ ಹೋದರೆ ಯಾರಾದರೂ ಏನಾದರೂ ಕೇಳುತ್ತಾರೆ, ಕೇಳಿದರೆ ನಾನು ಸಿಡುಕುತ್ತೇನೆ, ಸಿಡುಕಿದರೆ ಮಗಳು ತನ್ನ ಪುಸ್ತಕ ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಾಳೆ ಎಂಬುದು ನನಗೆ ಮೊದಲೇ ಗೊತ್ತಿರುತ್ತಿತ್ತು. ಹಾಳೆಯ ಒಂಬತ್ತು ಪ್ರಶ್ನೆಗಳಲ್ಲಿ ಒಂದೂ ಆ ಕಾರಿನ ಹತ್ತಿರ ಬರಲಿಲ್ಲ.

ನನ್ನ ಒಟ್ಟು ಅಂಕ ಐದಾಯಿತು. ಇಪ್ಪತ್ತೇಳಕ್ಕೆ ಐದು ಎಂದರೆ ಸೌಮ್ಯ ಲಕ್ಷಣ. ಒಳಗೆ ಕುಳಿತಿದ್ದವರು ಒಳ್ಳೆಯವರು, ಮೃದುವಾಗಿ ಮಾತನಾಡುವವರು. "ಈಗ ನಿಮಗೆ ಏನನ್ನಿಸುತ್ತಿದೆ?" ಎಂದು ಕೇಳಿದರು. "ಏನೂ ಇಲ್ಲ, ಚೆನ್ನಾಗಿಯೇ ಇದ್ದೇನೆ" ಎಂದೆ. ನಾನು ಮುಂದುವರಿಸಲೆಂದು ಅವರು ಕಾದರು. ನಾನೂ ಕಾದೆ. ಗಂಟೆ ಮುಗಿದಾಗ ಮುಂದಿನ ವಾರ ಇದೇ ಹೊತ್ತಿಗೆ ಬನ್ನಿ ಎಂದರು. ನಾನು ಹೋಗಲಿಲ್ಲ, ಏಕೆ ಬರಲಿಲ್ಲವೆಂದು ಯಾರೂ ವಿಚಾರಿಸಲೂ ಇಲ್ಲ. ಮತ್ತೆ ಅಂಥದೊಂದು ಕೋಣೆಯೊಳಗೆ ಕಾಲಿಡಲು ನನಗೆ ಎರಡು ವರ್ಷ ಹಿಡಿಯಿತು.

ಗಂಡಸರು ಸಹಾಯ ಕೇಳುವುದಿಲ್ಲ, ಮನಸ್ಸು ಬಿಚ್ಚಿ ಮಾತನಾಡುವುದಿಲ್ಲ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅದರಲ್ಲಿ ನಿಜವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ಮಾತನ್ನು ಹೇಳಿ ಮುಗಿಸಿದೊಡನೆ ತಪ್ಪೆಲ್ಲ ಬಾರದೆ ಉಳಿದವನ ಮೇಲೆ ಬಿದ್ದುಬಿಡುತ್ತದೆ. ಬಾಗಿಲವರೆಗೆ ಬಂದು, ಒಳಗೂ ಕುಳಿತು, ಎದ್ದುಹೋದವನ ಲೆಕ್ಕವನ್ನು ಇಡುವವರು ಅಪರೂಪ. ಆಸ್ಟ್ರೇಲಿಯಾದಲ್ಲಿ ಮಾನಸಿಕ ಚಿಕಿತ್ಸೆ ಪಡೆದಿದ್ದ 1,900ಕ್ಕೂ ಹೆಚ್ಚು ಪುರುಷರನ್ನು ಪ್ರಶ್ನಿಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಸುಮಾರು ಶೇ. 45ರಷ್ಟು ಮಂದಿ ಚಿಕಿತ್ಸಕರಿಗೆ ಹೇಳದೆಯೇ ಚಿಕಿತ್ಸೆಯನ್ನು ನಡುವೆ ಬಿಟ್ಟಿದ್ದರು, ಮತ್ತು ಹಾಗೆ ಬಿಟ್ಟವರು ಎಲ್ಲಕ್ಕಿಂತ ಹೆಚ್ಚಾಗಿ ಕೊಟ್ಟ ಕಾರಣ ಚಿಕಿತ್ಸಕರೊಂದಿಗೆ ನಂಟು ಬೆಳೆಯಲಿಲ್ಲ ಎಂಬುದು. ಇವರು ಸಹಾಯ ಕೇಳದವರಲ್ಲ. ಕೇಳಿ, ಸಿಕ್ಕಿದ್ದನ್ನು ನೋಡಿ, ಹಿಂತಿರುಗಿದವರು. ಆದ್ದರಿಂದ ಪುರುಷರನ್ನು ಬದಲಾಯಿಸುವ ಮಾತಿನ ಜೊತೆಜೊತೆಗೇ ಚಿಕಿತ್ಸೆಯನ್ನು ಹೇಗೆ ಬದಲಾಯಿಸಬಹುದು ಎಂದೂ ಕೇಳಬೇಕಾಗಿದೆ ಎಂಬುದೇ ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು.

ಇದು ಎಷ್ಟು ತುರ್ತಿನ ವಿಷಯವೆಂಬುದು ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟರೆ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ಅಂದಾಜಿನಂತೆ ಖಿನ್ನತೆ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು: ವಯಸ್ಕ ಪುರುಷರಲ್ಲಿ ಶೇ. 4, ಮಹಿಳೆಯರಲ್ಲಿ ಶೇ. 6. ಅದೇ ಸಂಸ್ಥೆಯ 2019ರ ಅಂಕಿಗಳಂತೆ ಜಗತ್ತಿನಲ್ಲಿ ಆತ್ಮಹತ್ಯೆಯ ಪ್ರಮಾಣ ಒಂದು ಲಕ್ಷ ಪುರುಷರಿಗೆ 12.6, ಒಂದು ಲಕ್ಷ ಮಹಿಳೆಯರಿಗೆ 5.4. ಕಾಯಿಲೆ ಕಡಿಮೆ ಇದೆಯೆಂದು ತೋರುವ ಕಡೆಯಲ್ಲೇ ಸಾವು ಎರಡು ಪಟ್ಟಿಗೂ ಹೆಚ್ಚು. ಆರಿಸಿಕೊಳ್ಳುವ ವಿಧಾನ, ಕುಡಿತ, ಒಂಟಿತನ ಹೀಗೆ ಇದಕ್ಕೆ ಹಲವು ಕಾರಣಗಳನ್ನು ಕೊಡುತ್ತಾರೆ, ಅವೆಲ್ಲವೂ ಇರುವಂಥವೇ. ಆದರೆ ಪುರುಷರ ಖಿನ್ನತೆಯಲ್ಲಿ ಒಂದು ಪಾಲು ನಮ್ಮ ಪ್ರಶ್ನೆಗಳ ಕಣ್ಣಿಗೆ ಬೀಳುತ್ತಲೇ ಇಲ್ಲ ಎಂಬ ಕಾರಣವನ್ನು ಅಷ್ಟು ಗಟ್ಟಿಯಾಗಿ ಯಾರೂ ಹೇಳುವುದಿಲ್ಲ.

ಇದನ್ನು ಮೊದಲು ಎತ್ತಿ ತೋರಿಸಿದ್ದು ಸ್ವೀಡನ್ ದೇಶದ ಗೋಟ್‌ಲ್ಯಾಂಡ್ ಎಂಬ ದ್ವೀಪದ ಅನುಭವ. 1983-84ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೆಲ್ಲ ಖಿನ್ನತೆಯನ್ನು ಗುರುತಿಸುವ, ಚಿಕಿತ್ಸೆ ಕೊಡುವ ತರಬೇತಿ ನೀಡಲಾಯಿತು. ತರಬೇತಿಯ ನಂತರ ದ್ವೀಪದಲ್ಲಿ ಆತ್ಮಹತ್ಯೆಗಳು ಕಡಿಮೆಯಾದವು. ಆದರೆ ಮನೋವೈದ್ಯ ವೋಲ್ಫ್‌ಗ್ಯಾಂಗ್ ರುಟ್ಸ್ ಮತ್ತು ಅವರ ಸಂಗಡಿಗರು ಲೆಕ್ಕವನ್ನು ಬಿಡಿಸಿ ನೋಡಿದಾಗ, ಇಳಿದದ್ದು ಬಹುಮಟ್ಟಿಗೆ ಮಹಿಳೆಯರ ಸಾವುಗಳೇ ಎಂದು ತಿಳಿಯಿತು. ಪುರುಷರ ಸಂಖ್ಯೆ ಹೆಚ್ಚೂಕಡಿಮೆ ಅಲ್ಲೇ ನಿಂತಿತ್ತು. ಸತ್ತ ಪುರುಷರ ಪೈಕಿ ಹೆಚ್ಚಿನವರ ಪರಿಚಯ ವೈದ್ಯರಿಗೆ ಇರಲೇ ಇಲ್ಲ. ಪೊಲೀಸರಿಗೆ ಇತ್ತು, ಸಮಾಜ ಕಲ್ಯಾಣದ ಕಚೇರಿಗಳಿಗೆ ಇತ್ತು. ಕುಡಿದು ಗಲಾಟೆ ಮಾಡಿದವರೆಂದು, ಕೈಮೀರಿದವರೆಂದು ಅಲ್ಲಿ ಅವರ ಹೆಸರುಗಳು ದಾಖಲಾಗಿದ್ದವು. ಈ ಅನುಭವದಿಂದಲೇ ಮುಂದೆ ಗೋಟ್‌ಲ್ಯಾಂಡ್ ಪುರುಷ ಖಿನ್ನತಾ ಮಾಪಕ ಎಂಬ ಪ್ರಶ್ನಾವಳಿ ಹುಟ್ಟಿತು. ಅದು ದುಃಖ ದಣಿವುಗಳ ಜೊತೆಗೆ ಸಿಡುಕು, ಮುಂಗೋಪ, ಒತ್ತಡ ತಡೆಯಲಾಗದಿರುವುದು, ಅತಿಯಾದ ಕುಡಿತ ಅಥವಾ ಅತಿಯಾದ ಕೆಲಸ ಇವುಗಳನ್ನೂ ವಿಚಾರಿಸುತ್ತದೆ. ಎರಡು ವರ್ಷಗಳ ನಂತರ ಆ ಬಗೆಯ ಪ್ರಶ್ನೆಗಳು ನನ್ನ ಎದುರು ಬಂದಾಗ, ಪ್ರತಿ ಸಾಲಿನಲ್ಲೂ ನಾನಿದ್ದೆ.

2013ರಲ್ಲಿ ಅಮೆರಿಕದ ಸಂಶೋಧಕರು ಇದೇ ಊಹೆಯನ್ನು ದೊಡ್ಡ ಸಮೀಕ್ಷೆಯೊಂದರ ಮಾಹಿತಿಯ ಮೇಲೆ ಪರೀಕ್ಷಿಸಿದರು. ಸಿಟ್ಟಿನ ಸ್ಫೋಟ, ಆಕ್ರಮಣಶೀಲತೆ, ಮಾದಕ ವಸ್ತುಗಳ ಬಳಕೆ, ಅಪಾಯಕ್ಕೆ ಮೈಯೊಡ್ಡುವ ನಡವಳಿಕೆ ಇಂಥವನ್ನು ಸಾಂಪ್ರದಾಯಿಕ ಲಕ್ಷಣಗಳ ಜೊತೆ ಸೇರಿಸಿ ಎಣಿಸಿದಾಗ, ಖಿನ್ನತೆಯ ಮಾನದಂಡಕ್ಕೆ ಒಳಪಟ್ಟವರು ಪುರುಷರಲ್ಲಿ ಶೇ. 30.6, ಮಹಿಳೆಯರಲ್ಲಿ ಶೇ. 33.3 ಆದರು, ಅಂದರೆ ಎರಡರ ನಡುವಿನ ಅಂತರ ಬಹುತೇಕ ಅಳಿದುಹೋಯಿತು. ಬಲೆಯನ್ನು ಇಷ್ಟು ಹಿಗ್ಗಿಸಿದರೆ ಕಾಯಿಲೆಯಿಲ್ಲದವರೂ ಸಿಕ್ಕಿಬೀಳುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ, ಮತ್ತು ಸಿಟ್ಟೆಲ್ಲವೂ ಖಿನ್ನತೆಯಲ್ಲ. ಆದರೂ ಕ್ಲಿನಿಕ್‌ನಲ್ಲಿ ಇದರಿಂದ ಆಗಬೇಕಾದ ಬದಲಾವಣೆ ತೀರಾ ಸಣ್ಣದು. ನಿದ್ದೆಯಿಲ್ಲವೆಂದೋ, ಬೆನ್ನುನೋವೆಂದೋ, ಎದೆ ಬಿಗಿಯುತ್ತದೆಂದೋ ಬಂದ ಪುರುಷನನ್ನು, ಇತ್ತೀಚೆಗೆ ಸಿಟ್ಟು ಹೇಗಿದೆ, ಕುಡಿತ ಎಷ್ಟಿದೆ, ವಾಹನವನ್ನು ಹೇಗೆ ಓಡಿಸುತ್ತಿದ್ದೀರಿ, ಮನೆಯವರು ನಿಮ್ಮ ಬಗ್ಗೆ ಏನೆನ್ನುತ್ತಾರೆ ಎಂದು ಕೇಳುವುದಕ್ಕೆ ಐದು ನಿಮಿಷ ಸಾಕು. ಸಾಯಬೇಕೆನಿಸಿದೆಯೇ ಎಂದೂ ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಭಯಕ್ಕೆ ಆಧಾರವಿಲ್ಲ. ಒಳಗೇ ಇಟ್ಟುಕೊಂಡಿದ್ದವನಿಗೆ ಅದನ್ನು ಇಳಿಸಲು ಅದೊಂದೇ ಅವಕಾಶವಾಗಿರಬಹುದು.

ಎರಡನೆಯ ಸಲ ನಾನು ಹೋದದ್ದು ಬೇರೊಬ್ಬ ಮನಶ್ಶಾಸ್ತ್ರಜ್ಞರ ಬಳಿಗೆ. ಹೆಂಡತಿ ಹುಡುಕಿ, ಸಮಯ ಗೊತ್ತುಮಾಡಿ ಕಳಿಸಿದ್ದಳು. ಅನೇಕ ಗಂಡಸರು ಹೀಗೆ ಯಾರದೋ ಒತ್ತಾಯಕ್ಕೆ ಹೋಗುವವರೇ, ಮತ್ತು ಹಾಗೆ ಕಳಿಸಿದವರು ಎಷ್ಟು ದಿನ ಎಷ್ಟು ಸಹಿಸಿಕೊಂಡಿದ್ದರೆಂಬುದು ಬಹಳ ತಡವಾಗಿ ನಮಗೆ ತಿಳಿಯುತ್ತದೆ. ಆ ಮನಶ್ಶಾಸ್ತ್ರಜ್ಞೆ ನನ್ನ ಭಾವನೆಯನ್ನು ಮೊದಲೇ ಕೇಳಲಿಲ್ಲ. "ನಿನ್ನೆ ಕೆಲಸದಿಂದ ಹೊರಟ ಮೇಲೆ, ಮನೆಯೊಳಗೆ ಕಾಲಿಡುವವರೆಗಿನ ಹೊತ್ತು ಹೇಗಿತ್ತು, ಸ್ವಲ್ಪ ಬಿಡಿಸಿ ಹೇಳುತ್ತೀರಾ?" ಎಂದರು. ಕಾರಿನ ವಿಷಯ ಹೇಳಿದೆ. ಎಷ್ಟು ಹೊತ್ತು ಕೂರುತ್ತೀರಿ, ಕಿಟಕಿ ಏರಿಸಿರುತ್ತದೆಯೇ, ಫೋನ್ ನೋಡುತ್ತೀರಾ, ಕೈಗಳು ಎಲ್ಲಿರುತ್ತವೆ, ಕೊನೆಗೆ ಏಳುವಂತೆ ಮಾಡುವುದು ಯಾವುದು ಎಂದು ಒಂದೊಂದಾಗಿ ಕೇಳಿದರು. ನಾನು ಹೇಳುತ್ತಾ ಹೋದೆ. ಕೈಗಳ ಬಗ್ಗೆ ಹೇಳುವಾಗ ನನ್ನ ಎರಡೂ ಕೈಗಳು ಮೇಜಿನ ಅಂಚನ್ನು ಸ್ಟಿಯರಿಂಗ್‌ನಂತೆಯೇ ಹಿಡಿದುಕೊಂಡಿದ್ದವು. ಅವರು ಅದನ್ನು ನೋಡಿದರು, ನಾನೂ ನೋಡಿದೆ. ಆಗ ಅವರು ಕೇಳಿದ ಮಾತು ಇಷ್ಟೇ: "ಹಾಗೆ ಹಿಡಿದುಕೊಂಡಾಗ ಎದೆಯಲ್ಲಿ ಏನಾಗುತ್ತಿರುತ್ತದೆ?" ಭಯ ಎಂಬ ಪದ ಮೊದಲ ಸಲ ನನ್ನ ಬಾಯಿಂದ ಬಂದದ್ದು ಆ ಹೊತ್ತಿನಲ್ಲಿ.

ಭಾವನೆಗಳಿಗೆ ಪದ ಸಿಗದ ಸ್ಥಿತಿಗೆ ಮನೋವಿಜ್ಞಾನದಲ್ಲಿ ಅಲೆಕ್ಸಿಥೈಮಿಯಾ ಎಂಬ ಹೆಸರಿದೆ. 1970ರ ದಶಕದಲ್ಲಿ ಮನೋವೈದ್ಯ ಪೀಟರ್ ಸಿಫ್ನಿಯೋಸ್ ಬಳಕೆಗೆ ತಂದದ್ದು. ಹುಡುಗರನ್ನು ಬೆಳೆಸುವ ರೀತಿಯಿಂದಲೇ ಅದರ ಸೌಮ್ಯ ರೂಪವೊಂದು ಬಹಳ ಗಂಡಸರಲ್ಲಿ ನೆಲೆಸುತ್ತದೆ ಎಂದು ರೊನಾಲ್ಡ್ ಲೆವಾಂಟ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ವಾದಿಸುತ್ತಾ ಬಂದಿದ್ದಾರೆ. ಎಲ್ಲ ಗಂಡಸರೂ ಹೀಗಿರುವುದಿಲ್ಲ, ಮಾತಿಗಾಗಿಯೇ ಕಾದು ಕುಳಿತವರೂ ಇದ್ದಾರೆ. ಆದರೆ ಪದವೇ ಇಲ್ಲದವನನ್ನು ಪದ ಕೊಡು ಎಂದು ಕೇಳಿ ಕಾಯುತ್ತಾ ಕೂತರೆ, ಅವನು ಅದನ್ನು ತಾನು ಅನುತ್ತೀರ್ಣನಾದ ಪರೀಕ್ಷೆಯೆಂದು ಎಣಿಸಿ ಎದ್ದುಹೋಗುತ್ತಾನೆ. ನಡೆದದ್ದೇನು ಎಂಬಲ್ಲಿಂದ ಹಿಡಿದು, ಮೈಯಲ್ಲಿ ಏನಾಯಿತು ಎಂಬುದನ್ನು ದಾಟಿ, ಮನಸ್ಸಿನಲ್ಲಿ ಏನಿತ್ತು ಎಂಬಲ್ಲಿಗೆ ಬರುವ ದಾರಿ ಉದ್ದವಾದುದಾದರೂ ನಡೆಯಲು ಬರುವ ದಾರಿ. ನನ್ನ ಮಟ್ಟಿಗೆ ಅದೊಂದೇ ದಾರಿ ತೆರೆದಿತ್ತು.

ಅದೇ ದಿನ ಅವರು ಒಂದು ಬಿಳಿ ಹಾಳೆ ತೆಗೆದುಕೊಂಡು, ನಾನು ಹೇಳಿದ್ದನ್ನು ಮೂರು ಸಾಲಿನಲ್ಲಿ ಬರೆದು, ಇದು ಸರಿಯಾಗಿದೆಯೇ ಎಂದು ನನ್ನ ಕಡೆ ತಿರುಗಿಸಿದರು. ಇದಕ್ಕೆ ನಾವು ಏನು ಮಾಡಬಹುದು, ಎಷ್ಟು ಭೇಟಿಗಳು ಬೇಕಾಗಬಹುದು, ಆರನೆಯ ಭೇಟಿಯಲ್ಲಿ ನಿಂತು ಲೆಕ್ಕ ನೋಡೋಣ, ಅಷ್ಟರಲ್ಲಿ ಏನೂ ಬದಲಾಗದಿದ್ದರೆ ವಿಧಾನವನ್ನೋ ಚಿಕಿತ್ಸಕರನ್ನೋ ಬದಲಿಸೋಣ, ಹಾಗೆ ಕೇಳಿದರೆ ತಮಗೆ ಬೇಸರವಾಗುವುದಿಲ್ಲ ಎಂದರು. ಎಡ್ವರ್ಡ್ ಬೋರ್ಡಿನ್ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಬರೆದಂತೆ, ಚಿಕಿತ್ಸಕ ಮತ್ತು ಚಿಕಿತ್ಸೆಗೆ ಬಂದವನ ನಡುವಿನ ಸಂಬಂಧಕ್ಕೆ ಮೂರು ಅಂಗಗಳು: ಗುರಿಯ ಬಗ್ಗೆ ಒಪ್ಪಿಗೆ, ಅದಕ್ಕಾಗಿ ಮಾಡಬೇಕಾದ ಕೆಲಸದ ಬಗ್ಗೆ ಒಪ್ಪಿಗೆ, ಮತ್ತು ಇಬ್ಬರ ನಡುವಿನ ಆಪ್ತತೆ. ಆಪ್ತತೆ ಮೊದಲು ಬರಬೇಕೆಂದು ಎಲ್ಲಿಯೂ ನಿಯಮವಿಲ್ಲ. ನನ್ನಂಥವರಿಗೆ ಗುರಿ ಮತ್ತು ಕೆಲಸ ಸ್ಪಷ್ಟವಾದ ಮೇಲೆಯೇ, ಅದರ ಹಿಂದಿನಿಂದ, ಆಪ್ತತೆ ಬರುತ್ತದೆ. ಏನು ನಡೆಯುತ್ತಿದೆ, ಏಕೆ, ಎಲ್ಲಿಯವರೆಗೆ ಎಂಬುದನ್ನು ಹೇಳದೆ ನಂಬಿ ಎಂದರೆ, ಹಿಡಿತ ತಪ್ಪುವ ಭಯದಲ್ಲೇ ಬದುಕುತ್ತಿರುವವನಿಗೆ ಉಳಿದಿದ್ದ ಕೊನೆಯ ಹಿಡಿತವನ್ನೂ ಕಿತ್ತುಕೊಂಡಂತೆ ಆಗುತ್ತದೆ.

ಮಾಡುವ ಕೆಲಸದ ಬಗ್ಗೆಯೂ ಒಂದು ಮಾತು. ಮನಸ್ಸು ಸರಿಯಾದ ಮೇಲೆ ಏಳುತ್ತೇನೆ ಎಂದು ಕಾಯುವ ಬದಲು, ಎದ್ದು ಮಾಡುವುದರಿಂದಲೇ ಮನಸ್ಸನ್ನು ಸರಿಪಡಿಸುತ್ತಾ ಹೋಗುವ ಚಿಕಿತ್ಸಾ ವಿಧಾನವೊಂದಿದೆ. ಅದನ್ನು ಬಿಹೇವಿಯರಲ್ ಆ್ಯಕ್ಟಿವೇಶನ್ ಎನ್ನುತ್ತಾರೆ. 1996ರಲ್ಲಿ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು, ಆಲೋಚನೆಗಳನ್ನು ತಿದ್ದುವ ಪೂರ್ಣ ಪ್ರಮಾಣದ ಕಾಗ್ನಿಟಿವ್ ಥೆರಪಿಗೆ ಹೋಲಿಸಿದರೆ ಈ ಒಂದು ಭಾಗವೇ ಖಿನ್ನತೆಯಲ್ಲಿ ಅಷ್ಟೇ ಫಲ ಕೊಡುತ್ತದೆಂದು ತೋರಿಸಿದರು. ನನಗೆ ಸಿಕ್ಕ ಮೊದಲ ಕೆಲಸ ಚಿಕ್ಕದು: ಕಾರಿನಲ್ಲಿ ಕೂರುವ ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತು ನಿಮಿಷವನ್ನು ನಡಿಗೆಗೆ ಕೊಡುವುದು, ಮನೆಯೊಳಗೆ ಹೋಗುವ ಮೊದಲು ಆ ದಿನದ ಬಿಗಿತಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದಿಡುವುದು. ಮೂರನೆಯ ವಾರಕ್ಕೆ ಆ ಅಂಕಗಳ ಏರಿಳಿತದಲ್ಲಿ ನನಗೇ ಒಂದು ವಿನ್ಯಾಸ ಕಂಡಿತು. ಅಪ್ಪನಿಗೆ ಫೋನ್ ಮಾಡಬೇಕಾಗಿದ್ದ ದಿನಗಳಲ್ಲೆಲ್ಲ ಅದು ಎಂಟಕ್ಕೆ ಏರುತ್ತಿತ್ತು. ಅಲ್ಲಿಂದ ಮುಂದಿನ ಮಾತು ಅಪ್ಪನ ಬಗ್ಗೆ. ಯಾರೂ ಎಳೆದು ತರಲಿಲ್ಲ, ನಾನೇ ಅಲ್ಲಿಗೆ ಬಂದಿದ್ದೆ.

ಔಷಧಿಯ ಬಗ್ಗೆ ಮಾತನಾಡುವುದು ಇನ್ನೂ ಕಷ್ಟ, ಆದರೆ ಮೌನದಿಂದ ಆಗುವ ಹಾನಿ ಇಲ್ಲಿ ತುಂಬ ದೊಡ್ಡದು. ಖಿನ್ನತೆಗೆ ಸಾಮಾನ್ಯವಾಗಿ ಬರೆದುಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಲೈಂಗಿಕ ಆಸಕ್ತಿಯನ್ನು ಕುಗ್ಗಿಸಬಹುದು, ಸ್ಖಲನವನ್ನು ತಡಮಾಡಬಹುದು. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬೇಕು. ಆದರೆ ವಾಕರಿಕೆಯಂಥ ತೊಂದರೆಗಳು ಮೊದಲ ದಿನಗಳಲ್ಲೇ ಶುರುವಾಗುತ್ತವೆ. ಇದನ್ನು ಮೊದಲೇ ಹೇಳದಿದ್ದರೆ ಏನಾಗುತ್ತದೆಂಬುದು ಊಹೆಗೆ ನಿಲುಕುವಂಥದ್ದೇ: ಆತ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾನೆ, ಥಟ್ಟನೆ ನಿಲ್ಲಿಸಿದ್ದರಿಂದ ತಲೆಸುತ್ತು, ಚಡಪಡಿಕೆ ಬರುತ್ತವೆ, ಈ ಚಿಕಿತ್ಸೆಯೇ ತನಗೆ ಆಗದೆಂದು ತೀರ್ಮಾನಿಸುತ್ತಾನೆ. ಅಂಥ ತೊಂದರೆ ಬಂದರೆ ಪ್ರಮಾಣ ತಗ್ಗಿಸಬಹುದು, ಬೇರೆ ಮಾತ್ರೆಗೆ ಬದಲಿಸಬಹುದು. ಅದನ್ನು ಕೇಳುವ ನಾಚಿಕೆಯ ಭಾರವನ್ನು ರೋಗಿಯ ಮೇಲೆ ಹೊರಿಸದೆ, ಬರೆದುಕೊಡುವ ವೈದ್ಯರೇ ಮಾತ್ರೆಯ ಹೆಸರಿನ ಜೊತೆಗೇ ಹೇಳಿಬಿಡಬೇಕು.

ಹೊಸದಾಗಿ ತಂದೆಯಾದವರ ವಿಷಯವನ್ನಂತೂ ಕೇಳುವವರೇ ಇಲ್ಲ. ಹೆರಿಗೆಯ ಮುಂಚಿನ ತಿಂಗಳುಗಳಿಂದ ಮಗುವಿಗೆ ವರ್ಷ ತುಂಬುವವರೆಗಿನ ಅವಧಿಯಲ್ಲಿ ತಂದೆಯರಲ್ಲಿಯೂ ಸುಮಾರು ಶೇ. 10ರಷ್ಟು ಮಂದಿಗೆ ಖಿನ್ನತೆ ಕಾಣಿಸುತ್ತದೆಂದು 2010ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಹೇಳುತ್ತದೆ. ತಾಯಿಯ ತಪಾಸಣೆಗೆ ಜೊತೆಯಲ್ಲಿ ಬಂದವನನ್ನು ನೀವು ಹೇಗಿದ್ದೀರಿ ಎಂದು ಕೇಳಲು ಬೇರೆ ದಿನ ಗೊತ್ತುಮಾಡಬೇಕಿಲ್ಲ.

ಸಹಾಯ ಪಡೆಯುವುದು ಗಂಡಸರಿಗೆ ಯಾವಾಗ ಸುಲಭವಾಗುತ್ತದೆ ಎಂಬುದರ ಬಗ್ಗೆ ಮೈಕೆಲ್ ಆಡಿಸ್ ಮತ್ತು ಜೇಮ್ಸ್ ಮಹಾಲಿಕ್ 2003ರಲ್ಲಿ ಬರೆದ ಪ್ರಬಂಧದ ಒಂದು ಅಂಶ ನನ್ನನ್ನು ಬಹಳ ದಿನ ಕಾಡಿತು. ಪಡೆದ ಸಹಾಯಕ್ಕೆ ಪ್ರತಿಯಾಗಿ ತಾನೂ ಏನನ್ನಾದರೂ ಕೊಡಬಲ್ಲೆ ಎನಿಸಿದಾಗ ಗಂಡಸು ಸಹಾಯವನ್ನು ಹೆಚ್ಚು ನಿರಾಳವಾಗಿ ಒಪ್ಪುತ್ತಾನೆ ಎನ್ನುತ್ತಾರೆ ಅವರು. ಇಬ್ಬರೇ ಕೂರುವ ಕೋಣೆಯಲ್ಲಿ ಕೊಡುವುದೆಲ್ಲ ಒಂದು ಕಡೆಯಿಂದ, ಪಡೆಯುವುದೆಲ್ಲ ಇನ್ನೊಂದು ಕಡೆಯಿಂದ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಹುಟ್ಟಿ ಬೇರೆ ದೇಶಗಳಿಗೂ ಹರಡಿದ ಮೆನ್ಸ್ ಶೆಡ್ ಎಂಬ ಕಾರ್ಯಾಗಾರಗಳು ಗಟ್ಟಿಯಾಗಿ ನಿಂತಿರುವುದು ಈ ಕೊರತೆಯನ್ನು ತುಂಬುವುದರಿಂದ ಎಂದು ನನಗನಿಸುತ್ತದೆ. ಅಲ್ಲಿ ನಿವೃತ್ತರು, ಒಂಟಿಯಾದವರು ಸೇರಿ ಮರಗೆಲಸವನ್ನೋ ರಿಪೇರಿಯನ್ನೋ ಮಾಡುತ್ತಾರೆ. ಒಬ್ಬನಿಗೆ ಗೊತ್ತಿರುವುದನ್ನು ಇನ್ನೊಬ್ಬ ಕಲಿಯುತ್ತಾನೆ. ಮುಖಾಮುಖಿಯಾಗಿ ಆಡಲಾಗದ ಮಾತನ್ನು ಪಕ್ಕದಲ್ಲಿ ನಿಂತು, ಕಣ್ಣು ಕೆಲಸದ ಮೇಲಿರುವಾಗ ಆಡುತ್ತಾರೆ. ಅದು ಚಿಕಿತ್ಸೆಯ ಬದಲಿಗೆ ನಿಲ್ಲುವಂಥದ್ದಲ್ಲ, ಹಾಗೆಂದು ಯಾರೂ ಹೇಳಿಯೂ ಇಲ್ಲ. ಆದರೆ ಚಿಕಿತ್ಸಕರು ಅದರಿಂದ ತೆಗೆದುಕೊಳ್ಳಬಹುದಾದದ್ದಿದೆ. ಕೆಲವರ ಜೊತೆ ಕುಳಿತು ಮಾತನಾಡುವುದಕ್ಕಿಂತ ನಡೆಯುತ್ತಾ ಮಾತನಾಡುವುದು ಮೇಲು. ಇದೇ ದಾರಿಯಲ್ಲಿ ಹೋಗಿಬಂದ ಇನ್ನೊಬ್ಬ ಗಂಡಸಿನ ಮಾತು, ಗುಂಪಿನಲ್ಲಿ ಕೇಳಿದ್ದು, ಹತ್ತು ಭೇಟಿಗಳಲ್ಲಿ ಆಗದ್ದನ್ನು ಮಾಡಿಬಿಡಬಹುದು.

ಇಷ್ಟು ಹೇಳುವಾಗ ಒಂದು ಅಳುಕೂ ಇದೆ. ಪುರುಷರಿಗಾಗಿ ಎಂದು ಹಲಗೆ ಹಾಕಿದೊಡನೆ ಯೋಧರ ಚಿತ್ರ, ಛಲದ ಘೋಷಣೆ, ಗಟ್ಟಿಗನೇ ಸಹಾಯ ಕೇಳುತ್ತಾನೆ ಎಂಬ ಮಾತು ಬಂದು ಕೂರುವುದನ್ನು ನೋಡಿದ್ದೇನೆ. ಗಟ್ಟಿಗನಾಗಿರಬೇಕೆಂಬ ಹಟವೇ ಯಾರನ್ನು ಇಲ್ಲಿಗೆ ತಂದಿತೋ ಅವನಿಗೆ ಅದನ್ನೇ ಮತ್ತೆ ಮದ್ದಾಗಿ ಕೊಡುವುದು ನನಗೆ ಸರಿಯೆನಿಸುವುದಿಲ್ಲ. ಇನ್ನೊಂದು ತುದಿಯ ತಪ್ಪೂ ಇದೆ. ಹುಡುಗರ ಮತ್ತು ಪುರುಷರ ಜೊತೆ ಕೆಲಸ ಮಾಡುವ ಬಗ್ಗೆ ಅಮೆರಿಕದ ಮನೋವೈಜ್ಞಾನಿಕ ಸಂಘ 2018ರಲ್ಲಿ ಹೊರತಂದ ಮಾರ್ಗಸೂಚಿಗಳು ಗಂಡಸುತನವನ್ನೇ ರೋಗವೆಂದು ಬಗೆಯುತ್ತವೆ ಎಂಬ ದೊಡ್ಡ ಟೀಕೆಗೆ ಗುರಿಯಾದವು. ಮಾರ್ಗಸೂಚಿಯಲ್ಲಿ ಇದ್ದದ್ದು ಅದಕ್ಕಿಂತ ಸೂಕ್ಷ್ಮವಾದ ಮಾತು. ಆದರೆ ಆ ಟೀಕೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಎದುರಿಗೆ ಕುಳಿತವರು ನನ್ನನ್ನು ತಿದ್ದಬೇಕಾದ ವಸ್ತುವಿನಂತೆ ನೋಡುತ್ತಿದ್ದಾರೆಂಬ ಗುಮಾನಿ ಬಂದರೆ ಸಾಕು, ಗಂಡಸು ಬಾಯಿ ಮುಚ್ಚಿಕೊಳ್ಳುತ್ತಾನೆ. ಹೊಣೆ ಹೊರುವ ಅಭ್ಯಾಸ, ಮನೆಯವರಿಗಾಗಿ ದುಡಿಯುವ ಹಟ, ಮಾತು ಕೊಟ್ಟರೆ ಉಳಿಸಿಕೊಳ್ಳಬೇಕೆಂಬ ಛಲ ಇವೆಲ್ಲ ನನ್ನನ್ನು ದಣಿಸಿದವೂ ಹೌದು, ಪ್ರತಿ ವಾರ ಆ ಕುರ್ಚಿಗೆ ಮರಳಿ ತಂದವೂ ಹೌದು. ಅದೇ ರೀತಿ, ಸಿಟ್ಟು ಖಿನ್ನತೆಯ ಲಕ್ಷಣವಿರಬಹುದು ಎಂಬ ಮಾತು ಸಿಟ್ಟಿಗೆ ಸಿಕ್ಕಿ ನಲುಗಿದವರ ಮುಂದೆ ಕ್ಷಮಾಪಣಾ ಪತ್ರವಾಗಬಾರದು. ನನ್ನ ಮಗಳು ಪುಸ್ತಕ ಎತ್ತಿಕೊಂಡು ಹೋದದ್ದಕ್ಕೆ ಹೊಣೆ ನಾನೇ. ಕಾರಣ ತಿಳಿದದ್ದರಿಂದ ಹೊಣೆ ಇಳಿಯಲಿಲ್ಲ, ಅದನ್ನು ಹೊರುವ ಬಗೆ ತಿಳಿಯಿತು.

ನಾಲ್ಕನೆಯ ಭೇಟಿಯಲ್ಲಿ ಅಪ್ಪನ ಬಗ್ಗೆ ಹೇಳುತ್ತಾ ಹೇಳುತ್ತಾ ಅತ್ತಿದ್ದೆ. ಐದನೆಯದಕ್ಕೆ ಹೋಗಲಿಲ್ಲ. ಕೆಲಸವಿತ್ತು ಎಂದು ನನಗೆ ನಾನೇ ಹೇಳಿಕೊಂಡೆ, ಆದರೆ ಇದ್ದದ್ದು ಕಾರಿನಲ್ಲಿ, ಅದೇ ಜಾಗದಲ್ಲಿ, ಎಂಜಿನ್ ಆರಿಸಿ. ಮರುದಿನ ಸಂಜೆ ಫೋನ್ ಬಂತು. ಏಕೆ ಬರಲಿಲ್ಲವೆಂದು ಅವರು ಕೇಳಲಿಲ್ಲ. "ಕಳೆದ ವಾರ ನಾನು ಸ್ವಲ್ಪ ಅವಸರ ಮಾಡಿದೆನೇನೋ ಅನ್ನಿಸಿತು. ನಿಮಗೆ ಹಾಗೆ ಅನ್ನಿಸಿತೇ?" ಎಂದರು. ಹೌದೆಂದೆ. "ಹಾಗಾದರೆ ಗುರುವಾರ ಬನ್ನಿ. ಬರಿ ಅಂಕಗಳನ್ನು ನೋಡೋಣ, ಬೇರೇನೂ ಬೇಡ" ಎಂದರು. ಗುರುವಾರ ಹೋದೆ. ಬರೆದಿಟ್ಟ ಹಾಳೆಯನ್ನು ಇಬ್ಬರೂ ಓದಿದೆವು, ಮತ್ತು ಅರ್ಧ ಗಂಟೆಯಾದ ಮೇಲೆ ಅಪ್ಪನ ಮಾತನ್ನು ನಾನೇ ತೆಗೆದೆ.